ನೀರಿನಲ್ಲಿ ಆಗುತ್ತದೆಂದು ಬರೆದಿದ್ದೆ

ಶನಿವಾರ ಬೆಳಿಗ್ಗೆ ಏಳಕ್ಕೆ ಬೆಟಗೇರಿಯ ಮನೆ ಬಿಟ್ಟೆ. ಯುಗಾದಿ ಮುಗಿದು ಹದಿನೈದು ದಿನವೂ ಆಗಿರಲಿಲ್ಲ, ಆಗಲೇ ಬಿಸಿಲು ಬೆನ್ನು ಸುಡುತ್ತಿತ್ತು. ಹೆಗಲಿಗೊಂದು ಚೀಲ. ಅದರಲ್ಲಿ ಟವೆಲಿನಲ್ಲಿ ಸುತ್ತಿದ ಆರು ಗಾಜಿನ ಫ್ಲಾಸ್ಕು, ತೂಗಿ ಪೊಟ್ಟಣ ಕಟ್ಟಿದ ಎರಡು ಬಗೆಯ ಪುಡಿ, ಬಾದಾಮಿ ವಾಸನೆಯ ಬೆಂಜಾಲ್ಡಿಹೈಡಿನ ಸಣ್ಣ ಬಾಟಲಿ, ಕೈಗವಸು, ಅವ್ವ ಕಟ್ಟಿಕೊಟ್ಟ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದವರು ಲಾಳಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ಆರು ವರ್ಷದಾಗ ನಾ ಎಷ್ಟ್ ಸೀರಿ ನೇಯ್ದು ಇಳಿಸೇನಿ, ನಿಂದೊಂದು ಪುಸ್ತಕ ಮುಗಿವಲ್ದು. ಇವತ್ತರ ಮುಗೀತೈತೇನವಾ ಶೋಭಾ?"

"ಮುಗೀತೈತಪ್ಪಾ. ಹೆಂಗರ ಒಂದು ಮುಗೀತೈತಿ" ಅಂದೆ.

ಅಪ್ಪ ಪುಸ್ತಕ ಅನ್ನುವುದು ನನ್ನ ಪಿಎಚ್.ಡಿ. ಪ್ರಬಂಧಕ್ಕೆ. ಅದರಲ್ಲಿರುವುದನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಔಷಧಿ, ಬಣ್ಣಗಳಿಗೆ ಬೇಕಾಗುವ ಸಾವಯವ ಸಂಯುಕ್ತಗಳನ್ನು ಮಾಡಲು ವಿಷಕಾರಿ ದ್ರಾವಕಗಳಲ್ಲಿ ತಾಸುಗಟ್ಟಲೆ ಕುದಿಸುವುದು ಹಳೆಯ ಪದ್ಧತಿ. ಕುದಿಸಿದ ಮೇಲೆ ಆ ವಿಷವನ್ನು ಎಲ್ಲಿ ಚೆಲ್ಲಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಎಲ್ಲರೂ ಮೋರಿಗೆ ಚೆಲ್ಲುತ್ತಾರೆ. ನಾನು ಮಾಡಿದ್ದು ಬೇರೆ. ಅವೇ ವಸ್ತುಗಳನ್ನು ಬರೀ ನೀರಿನಲ್ಲಿಟ್ಟು, ನಮ್ಮ ಕಿವಿಗೆ ಕೇಳಿಸದಂಥ ಶಬ್ದದ ಅಲೆಗಳನ್ನು ಅದರೊಳಗೆ ಹಾಯಿಸಿದರೆ, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿದು ತಳದಲ್ಲಿ ಕೆನೆ ಬಣ್ಣದ ಪುಡಿ ಕೂರುತ್ತಿತ್ತು. ಕ್ರಿಯೆಯನ್ನು ಚುರುಕು ಮಾಡಲು ಇನ್ನೇನನ್ನೂ ಹಾಕಬೇಕಿಲ್ಲ, ವೇಗವರ್ಧಕ ಬೇಕಿಲ್ಲ, ಭಟ್ಟಿ ಇಳಿಸಿದ ಶುದ್ಧ ನೀರು ಸಾಕು ಎಂದು ಬರೆದಿದ್ದೆ. ಹಸಿರು ರಸಾಯನಶಾಸ್ತ್ರ ಎಂದು ಇದಕ್ಕೆ ಹೆಸರು. ಮುಂಡರಗಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಮೂರು ವರ್ಷ, ಪಾಠ ಮುಗಿದ ಮೇಲೆ ಅಲ್ಲಿನ ಪ್ರಯೋಗಾಲಯದಲ್ಲಿ ಕುಳಿತು ಮಾಡಿದ ಕೆಲಸವಿದು. ನಾಲ್ಕನೆಯ ವರ್ಷ ಅತಿಥಿಗೆ ಹೋಗಿ ಬನ್ನಿ ಅಂದರು, ಬೆಟಗೇರಿಗೆ ಬಂದೆ.

ಪ್ರಬಂಧ ಸಲ್ಲಿಸುವ ಮುಂಚೆ ನನ್ನ ಮಾರ್ಗದರ್ಶಕರು ಅದನ್ನು ತಮ್ಮ ಪ್ರಯೋಗಾಲಯದಲ್ಲಿ ಮಾಡಿಸಿ ನೋಡಿದರು. ಒಂದು ಕಾಳಿನಷ್ಟೂ ಪುಡಿ ಬರಲಿಲ್ಲ. ಮೂರು ಸಲ ಮಾಡಿಸಿದರಂತೆ. ನಿಮ್ಮ ಯಂತ್ರ ಬೇರೆ ಇರಬಹುದು ಸರ್ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಎಲ್ಲರೆದುರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಂಕಿಗಳನ್ನ ಮನೆಯಲ್ಲಿ ಕುಳಿತು ಬರೆದೆಯೇನಮ್ಮ?" ಎಂದರು. ಸೋಮವಾರ ನನ್ನ ನೋಂದಣಿಯ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ನಾನೇ ಮಾಡಿ ತೋರಿಸಬೇಕು, ಇಲ್ಲವೇ ಸುಳ್ಳು ಬರೆದವಳು ಎನ್ನಿಸಿಕೊಂಡು ಹೊರಗೆ ಹೋಗಬೇಕು. ಈ ಪ್ರಯಾಣಕ್ಕೆ ಹೊರಟದ್ದು ಅದಕ್ಕೇ.

ಗದಗ ಬಸ್ ನಿಲ್ದಾಣದ ಹತ್ತಿರ ವಾಹನಗಳ ಬ್ಯಾಟರಿ ಮಾರುವ ಅಂಗಡಿಯಲ್ಲಿ ಭಟ್ಟಿ ನೀರಿನ ಐದು ಲೀಟರ್ ಕ್ಯಾನು ಕೊಂಡೆ. ಅಂಗಡಿಯವರು "ಯಾವ ಗಾಡಿಗ್ರಿ?" ಎಂದು ಕೇಳಿದರು. "ಗಾಡಿಗಲ್ರಿ, ನನಗ" ಎಂದೆ. ಅವರು ನನ್ನ ಮುಖ ನೋಡಿ ಚಿಲ್ಲರೆ ಕೊಟ್ಟರು. ಲಕ್ಷ್ಮೇಶ್ವರದ ಬಸ್ಸು ಎಂಟಕ್ಕೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ಈಗ ಸೊನ್ನೆ ರೂಪಾಯಿ ಟಿಕೇಟು. ಆಧಾರ್ ತೋರಿಸಿದರೆ ಮುಗಿಯಿತು. ಸೀಟು ಸಿಗುತ್ತದೆಂದು ಮಾತ್ರ ಯಾರೂ ಹೇಳಿಲ್ಲ. ನಲವತ್ತು ಕಿಲೋಮೀಟರು ಕ್ಯಾನಿನ ಮೇಲೆಯೇ ಕುಳಿತು ಹೋದೆ. ಹೊಲಗಳೆಲ್ಲ ಖಾಲಿ, ಎರೆ ಮಣ್ಣು ಬಿರಿದಿತ್ತು.

ಲಕ್ಷ್ಮೇಶ್ವರದ ಬಜಾರಿನಲ್ಲಿ ರಸೂಲ್ ಚಾಚಾನ ಕನ್ನಡಕದ ಅಂಗಡಿ ಇದೆ. ಅಪ್ಪನ ಹಳೆಯ ಗೆಳೆಯ. ಅಪ್ಪನ ಸೀರೆ ಮೊದಲ ಸಲ ಈ ಬಜಾರಿಗೆ ಬಂದದ್ದು ಇವರ ಕೈಯಿಂದಲೇ. ನಮ್ಮ ಕಾಲೇಜಿಗೆ ಶಬ್ದದ ಅಲೆಯ ಯಂತ್ರ ಕೊಳ್ಳುವ ಯೋಗ್ಯತೆ ಇರಲಿಲ್ಲ. ಆದರೆ ಕನ್ನಡಕದ ಅಂಗಡಿಗಳಲ್ಲಿ, ಬಂಗಾರದ ಅಂಗಡಿಗಳಲ್ಲಿ ಅಂಥದೇ ಒಂದು ಸ್ಟೀಲಿನ ಡಬ್ಬಿ ಇರುತ್ತದೆ. ನೀರು ಹಾಕಿ, ಫ್ರೇಮು ಮುಳುಗಿಸಿ, ಗುಂಡಿ ಒತ್ತಿದರೆ ಜುಂಯ್ ಎಂದು ಸಂದಿಗೊಂದಿಯ ಕೊಳೆ ಬಿಡುತ್ತದೆ. ಮುಂಡರಗಿಯಲ್ಲಿ ನಾನು ಬಳಸಿದ್ದು ಚಾಚಾ ಕೊಟ್ಟ ಆ ಡಬ್ಬಿಯನ್ನೇ.

"ನಿನ್ನ ದೆಸಿಂದ ಮೂರು ವರ್ಷ ನಾ ಕನ್ನಡಕ ಅಂಗಿ ತುದೀಲೆ ಒರಸೇನಿ ಬೇಟಿ" ಎನ್ನುತ್ತ ಚಾಚಾ ಚಹಾ ತರಿಸಿದರು. "ಈಗ ಮತ್ತ ಏನಾತು?"

ಹೇಳಿದೆ. ಅವರು ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟರು. ಭಟ್ಟಿ ನೀರು ಅಳೆದು ಫ್ಲಾಸ್ಕಿಗೆ ಹಾಕಿ, ಪುಡಿ, ಬೆಂಜಾಲ್ಡಿಹೈಡು ಸೇರಿಸಿ, ಡಬ್ಬಿಯಲ್ಲಿ ಇಳಿಬಿಟ್ಟು ಗುಂಡಿ ಒತ್ತಿದೆ. ಇಪ್ಪತ್ತು ನಿಮಿಷ ಆಯಿತು. ನಲವತ್ತಾಯಿತು. ಫ್ಲಾಸ್ಕಿನಲ್ಲಿ ಎಣ್ಣೆಯ ಹನಿಗಳು ತೇಲುತ್ತಿದ್ದವು, ಕೆನೆ ಬಣ್ಣದ ಪುಡಿಯ ಸುಳಿವಿಲ್ಲ. ಚಾಚಾ ಒಳಗೆ ಬಂದು ಇಣುಕಿದರು.

"ಡಬ್ಬಿ ಕೆಟ್ಟೈತೇನ್ರಿ ಚಾಚಾ?"

ಅವರು ಹೊರಗೆ ಕಾಯುತ್ತಿದ್ದ ಗಿರಾಕಿಯೊಬ್ಬರ ಕನ್ನಡಕ ಇಸಿದುಕೊಂಡು ನೀರಿಗೆ ಇಳಿಸಿ ಗುಂಡಿ ಒತ್ತಿದರು. ಮೂಗಿನ ಹತ್ತಿರದ ಜಿಡ್ಡು ಹೊಗೆಯಂತೆ ಎದ್ದು ನೀರಿನಲ್ಲಿ ಹರಡಿತು. "ಡಬ್ಬಿ ಚೊಲೊ ಐತಿ" ಎಂದರು. ಡಬ್ಬಿ ಕೆಟ್ಟಿದೆ ಎಂದಿದ್ದರೆ ಎಷ್ಟು ಸುಖವಾಗುತ್ತಿತ್ತು! ಬೆಂಜಾಲ್ಡಿಹೈಡ್ ಹಳೆಯದಾದರೆ ಗಾಳಿ ತಾಗಿ ಕೆಡುತ್ತದೆ. ನನ್ನ ಬಾಟಲಿಗೆ ವರ್ಷ ದಾಟಿತ್ತು. ತಪ್ಪು ಅದರದೇ ಇರಬೇಕು ಎಂದುಕೊಂಡೆ. ಹೊಸ ಬಾಟಲಿಗೆ ಶಿರಹಟ್ಟಿಗೆ ಹೋಗಬೇಕಿತ್ತು. ಚಾಚಾ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟರು.

ಶಿರಹಟ್ಟಿ ಲಕ್ಷ್ಮೇಶ್ವರದಿಂದ ಅರ್ಧ ತಾಸಿನ ದಾರಿ. ಕಂಡಕ್ಟರ್ ಪೆಟ್ಟಿಗೆ ಮುಟ್ಟಿ ನೋಡಿ, "ನಿಮಗ ಫ್ರೀ ಐತ್ರಿ ಅಕ್ಕಾರ, ಡಬ್ಬಿಗಿಲ್ಲ. ಡಬ್ಬಿ ಹೆಣ್ಣಲ್ಲ" ಎಂದರು. ಬಸ್ಸೆಲ್ಲ ನಕ್ಕಿತು. ಲಗೇಜಿನ ಚೀಟಿ ಹರಿಸಿಕೊಂಡೆ. ಪಕ್ಕದಲ್ಲಿ ಕುಳಿತ ಅಜ್ಜಿಗೆ ಡಬ್ಬಿ ಏನೆಂದು ಹೇಳಿದ್ದೇ ತಪ್ಪಾಯಿತು. ಸೊರಟೂರಿನ ಮಗಳ ಮನೆಗೆ ಹೋಗಿ ಬಂದವಳಂತೆ, ಮೊಮ್ಮಗಳ ಕಾಲ್ಚೈನು ಚೀಲದಿಂದ ತೆಗೆದು "ಇಷ್ಟು ತೊಳದುಕೊಡವಾ, ಶಿರಹಟ್ಟಿ ಬರೂತನಕ" ಎಂದು ಮಡಿಲಿಗೇ ಹಾಕಿದಳು. ಬಸ್ಸಿನಲ್ಲಿ ಕರೆಂಟಿಲ್ಲ ಎಂದರೆ ನಂಬಲಿಲ್ಲ. "ಕೊಡಾಕ ಮನಸಿಲ್ಲ ಅನ್ನು" ಎಂದು ಮುಖ ತಿರುಗಿಸಿದಳು. ನನ್ನನ್ನು ಯಾರೂ ನಂಬದ ದಿನ ಅದು.

ಶಿರಹಟ್ಟಿಯಲ್ಲಿ ನನ್ನ ಸಹಪಾಠಿ ಸಾವಿತ್ರಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಲಕ್ಷ್ಮೇಶ್ವರದಿಂದಲೇ ಫೋನು ಮಾಡಿದ್ದೆ; ಮುಚ್ಚಳ ತೆಗೆಯದ ಹೊಸ ಬಾಟಲಿ ಇಟ್ಟುಕೊಂಡು ಕಾಲೇಜಿನ ಪ್ರಯೋಗಾಲಯದಲ್ಲಿ ಕಾಯುತ್ತಿದ್ದಳು. ಅದೇ ಭಟ್ಟಿ ನೀರು, ಅದೇ ತೂಕ, ಅದೇ ಡಬ್ಬಿ. ಗುಂಡಿ ಒತ್ತಿ ಇಬ್ಬರೂ ರೊಟ್ಟಿ ಬಿಚ್ಚಿದೆವು. ರೊಟ್ಟಿ ಮುಗಿಯಿತು, ಪುಡಿ ಬರಲಿಲ್ಲ.

ಸಾವಿತ್ರಿ ಫ್ಲಾಸ್ಕನ್ನು ಎತ್ತಿ ಅಲುಗಾಡಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಲೇ ಶೋಭಾ, ನನ್ನ ಮುಂದ ಖರೆ ಹೇಳು. ಆವಾಗ ಖರೇನ ಬಂದಿತ್ತೇನು?"

"ನಿನಗೂ ಸಂಶಯ ಬಂತೇನ?"

"ಸಂಶಯ ಅಲ್ಲಲೇ. ಬಂದಿರದಿದ್ರೂ ನಾ ಏನೂ ಅನ್ನಂಗಿಲ್ಲ. ಎಷ್ಟ್ ಮಂದಿ ಮಾಡ್ಯಾರ. ಸರ್ ಮುಂದ ಇದ್ದದ್ದು ಹೇಳಿ, ಸುಮ್ನ ಕೈ ಮುಗಿದು ಬಿಡು."

ಆಕೆಯ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ಯಾಕೆಂದರೆ ಆ ಗಳಿಗೆಗೆ ನನಗೇ ಖಾತ್ರಿ ಉಳಿದಿರಲಿಲ್ಲ. ಮೂರು ವರ್ಷ ಪ್ರತಿ ಸಂಜೆ ಕಂಡ ಆ ಪುಡಿ ನಾನು ಆಸೆಗೆ ಕಂಡ ಪುಡಿಯೇ? ಡಬ್ಬಿ ಸರಿ, ಬಾಟಲಿ ಹೊಸದು, ಹಾಕಿದ ಪುಡಿಗಳ ಸೀಲು ಒಡೆದದ್ದು ಮೊನ್ನೆ. ಇನ್ನು ಉಳಿದದ್ದು ಎರಡೇ: ಒಂದು ನಾನು, ಇನ್ನೊಂದು ಮುಂಡರಗಿ. ಮುಂಡರಗಿಗೆ ನೇರ ಬಸ್ಸು ಒಂದೂವರೆಗೆ ಇತ್ತು. ಸಾವಿತ್ರಿ ಪೆಟ್ಟಿಗೆ ಹೊತ್ತು ಬಸ್ಸಿನವರೆಗೆ ಬಂದಳು, ನಾನು ಅವಳನ್ನು ಬಿಟ್ಟು ಮುಂದೆ ಮುಂದೆ ನಡೆದೆ.

ಕಪ್ಪತಗುಡ್ಡದ ಸಾಲು ಬೋಳಾಗಿ ಕಂದಿತ್ತು. ಮೇಲೆ ಗಾಳಿಯಂತ್ರಗಳು ನಿಂತಿದ್ದವು; ಗಾಳಿ ಇರಲಿಲ್ಲ, ತಿರುಗುತ್ತಿರಲಿಲ್ಲ. ಮುಂಡರಗಿ ತಲುಪಿದಾಗ ಮೂರು ದಾಟಿತ್ತು. ನಿಲ್ದಾಣದ ಎದುರಿನ ಖಾನಾವಳಿಯವರು ಗುರುತು ಹಿಡಿದು "ಮತ್ತ ಬಂದ್ರೇನ್ರಿ ಮೇಡಮ್ಮಾರ?" ಎಂದರು. ಒಂದು ದಿನದ ಮಟ್ಟಿಗೆ ಎಂದೆ. ಶನಿವಾರ ಅರ್ಧ ದಿನವಾದ್ದರಿಂದ ಕಾಲೇಜು ಮುಚ್ಚಿತ್ತು. ಪ್ರಯೋಗಾಲಯದ ಅಟೆಂಡರ್ ಫಕ್ಕೀರಪ್ಪನ ಮನೆ ಕಾಂಪೌಂಡಿನ ಹಿಂದೆಯೇ ಇದೆ. ಕೂಗಿದೊಡನೆ ಕೀಲಿಗೊಂಚಲು ಹಿಡಿದು ಬಂದರು. ಮೊಣಕಾಲು ಮಡಚಲು ಬಾರದೆ ಕೋಲು ಕಾಲಿನವರಂತೆ ನಡೆಯುತ್ತಾರೆ. ಅವರ ಓಣಿಯಲ್ಲಿ ಐವತ್ತು ದಾಟಿದವರು ಬಹಳ ಮಂದಿ ಹಾಗೇ ನಡೆಯುತ್ತಾರೆ, ನಕ್ಕರೆ ಕಂದು ಹಲ್ಲು ಕಾಣುತ್ತದೆ. ಎಲ್ಲ ಇಲ್ಲಿನ ಫ್ಲೋರೈಡ್ ನೀರಿನ ಪ್ರಸಾದ.

ನನ್ನ ಹಳೆಯ ಮೇಜು ಹಾಗೆಯೇ ಇತ್ತು. ಮೂಲೆಯಲ್ಲಿ ಬಿಳಿ ಕ್ಯಾನು, ಅದರ ಮೇಲೆ ನನ್ನದೇ ಅಕ್ಷರದ ಚೀಟಿ: ಭಟ್ಟಿ ನೀರು. ಗದಗಿನಿಂದ ತಂದ ನೀರು ಎರಡು ಪ್ರಯೋಗಕ್ಕೆ, ಡಬ್ಬಿ ತುಂಬಲಿಕ್ಕೆ, ಫ್ಲಾಸ್ಕು ತೊಳೆಯಲಿಕ್ಕೆ ಖರ್ಚಾಗಿತ್ತು. ಕ್ಯಾನಿನ ನಲ್ಲಿ ತಿರುವಿ ಫ್ಲಾಸ್ಕು ತುಂಬಿದೆ. ಮೂರನೆಯ ಸಲ ಅದೇ ತೂಕ, ಅದೇ ಕ್ರಮ. ಗುಂಡಿ ಒತ್ತಿ ಕಣ್ಣು ಮುಚ್ಚಿ ಕುಳಿತೆ.

ಹತ್ತು ನಿಮಿಷಕ್ಕೆ ನೀರು ಹಾಲಾಯಿತು. ಇಪ್ಪತ್ತಕ್ಕೆ ತಳದಲ್ಲಿ ಕೆನೆ ಬಣ್ಣದ ಪುಡಿ ದಪ್ಪವಾಗಿ ಕುಳಿತಿತ್ತು. ನಾನು ಎದ್ದು ನಿಂತು ಅತ್ತುಬಿಟ್ಟೆ. ಫಕ್ಕೀರಪ್ಪ ಗಾಬರಿಯಾಗಿ "ಕೈಗೇನರ ಬಿತ್ತೇನ್ರಿ?" ಎಂದು ಓಡಿ ಬಂದರು, ಅವರಿಗೆ ಓಡಲು ಬರುವಷ್ಟು.

ಕಣ್ಣು ಒರೆಸಿಕೊಂಡ ಮೇಲೆ ತಲೆ ಕೆಲಸ ಮಾಡಿತು. ಬೆಳಗಿನಿಂದ ಬದಲಾದದ್ದು ನೀರೊಂದೇ. ಕಪಾಟಿನಿಂದ ಲಿಟ್ಮಸ್ ಕಾಗದ ತೆಗೆದು ಕ್ಯಾನಿನ ನೀರಿಗೆ ಅದ್ದಿದೆ. ಕೆಂಪು ಕಾಗದ ನೀಲಿಯಾಯಿತು. ಭಟ್ಟಿ ನೀರು ಹಾಗೆ ಮಾಡುವುದಿಲ್ಲ. ಕ್ಷಾರ ಇರುವ ನೀರು ಮಾಡುತ್ತದೆ.

"ಫಕ್ಕೀರಪ್ಪ, ಈ ಕ್ಯಾನಿನಾಗ ಯಾವ ನೀರು ತುಂಬತೀರಿ?"

ಅವರು ಕೀಲಿಗೊಂಚಲು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಹಿಂದಿನ ಬೋರಿಂದರಿ. ಅರಿವಿಲೆ ಸೋಸಿ ಹಾಕತೇನಿ."

"ಯಾವಾಗಿಂದ?"

"ನೀವು ಬರೂಕ್ಕಿಂತ ಮೊದಲಿಂದರಿ. ಭಟ್ಟಿ ಇಳಸೂ ಮಷೀನಿನ ಕಾಯಲ್ ಸುಟ್ಟು ಹೋತು. ಹೊಸಾದು ತರಸ್ರಿ ಅಂತ ಇಂಡೆಂಟ್ ಮೂರು ಸಲ ಬರದು ಕೊಟ್ಟೇನ್ರಿ, ಮೂರೂ ಸಲ ಮುಂದ ಹೋಗಲಿಲ್ಲ."

"ನನಗರ ಒಂದ್ ಮಾತು ಹೇಳಬಾರದ?"

"ಯಾರ್ ಕೇಳಿದ್ರರಿ? ಕ್ಯಾನ್ ಖಾಲಿ ಇದ್ರ ಎಲ್ಲಾರೂ ಬೈತಾರ. ತುಂಬಿದ್ರ ಯಾರೂ ಏನೂ ಕೇಳಂಗಿಲ್ಲ."

ಲಿಟ್ಮಸ್ ಕಾಗದ ಕೈಗೆಟಕುವ ಕಪಾಟಿನಲ್ಲೇ ಇತ್ತು. ಮೂರು ವರ್ಷದಲ್ಲಿ ಒಂದು ಸಲ ಅದ್ದಿ ನೋಡಲಿಲ್ಲ. ರಸಾಯನಶಾಸ್ತ್ರ ಓದಿದವಳು ನಾನು, ನಂಬಿದ್ದು ನಾನೇ ಬರೆದಂಟಿಸಿದ ಚೀಟಿಯನ್ನು. ವೇಗವರ್ಧಕ ಬೇಡ ಎಂದು ಹೆಮ್ಮೆಯಿಂದ ಬರೆದ ನನ್ನ ಪ್ರಯೋಗಕ್ಕೆ ವೇಗವರ್ಧಕವಾಗಿ ನಿಂತದ್ದು ಮುಂಡರಗಿಯ ಸವಳು ನೀರು. ಶಬ್ದದ ಅಲೆ ಕಲಕುತ್ತಿತ್ತು, ನೀರಿನಲ್ಲಿ ಕರಗಿದ ಕ್ಷಾರ ಕೆಲಸ ಮಾಡುತ್ತಿತ್ತು, ಹೆಸರು ನಾನು ತೆಗೆದುಕೊಳ್ಳುತ್ತಿದ್ದೆ. ಇದನ್ನು ಫಕ್ಕೀರಪ್ಪನಿಗೆ ಬಿಡಿಸಿ ಹೇಳಿದೆ. ನಿಮ್ಮ ನೀರಿನಿಂದಲೇ ಇದು ಆಗುವುದು ಎಂದೆ.

ಅವರು ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಈ ನೀರಿನ ದೆಸಿಂದ ನನ್ನ ಮೊಣಕಾಲು ಹೋದವು, ನಮ್ಮಾಕಿ ಬೆನ್ನು ಹೋತು. ನಿಮಗರ ಉಪಯೋಗ ಆತಲ್ಲರಿ, ಚೊಲೊ ಆತು ಬಿಡ್ರಿ." ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿ ಸಂತೋಷಪಟ್ಟಿದ್ದರು.

ಅಲ್ಲಿಂದಲೇ ಮಾರ್ಗದರ್ಶಕರಿಗೆ ಫೋನು ಹಚ್ಚಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವರ ದನಿಯೇ ಬದಲಾಯಿತು. "ಅಂದರೆ ಕ್ಷಾರಯುಕ್ತ ಅಂತರ್ಜಲವೇ ವೇಗವರ್ಧಕ! ಇದು ಮೊದಲಿಗಿಂತ ಒಳ್ಳೆಯ ವಿಷಯ. ಆದರೆ ನೀನು ಎಲ್ಲ ಕಡೆ ಭಟ್ಟಿ ನೀರು ಅಂತ ಬರೆದಿದ್ದೀಯ. ಅದು ಸುಳ್ಳಲ್ಲ, ನಿನಗೆ ಗೊತ್ತಿರಲಿಲ್ಲ ಅಂತ ತೋರಿಸಬೇಕು. ನೀರು ತುಂಬಿದವನಿಂದ ಬರೆಸಿಕೊಂಡು ಬಾ. ತಪ್ಪು ತನ್ನದು, ಸಂಶೋಧಕಿಗೆ ತಿಳಿಸಿರಲಿಲ್ಲ ಅಂತ."

"ಅವರು ಮೂರು ಸಲ ಇಂಡೆಂಟ್ ಕೊಟ್ಟಿದ್ದಾರೆ ಸರ್."

"ಅದೆಲ್ಲ ಬರೆಸಬೇಡ. ಕಾಲೇಜಿನವರ ಮುಖಕ್ಕೆ ಮಸಿ ಬಳಿದರೆ ನಾಳೆ ಅವರು ಆ ಪತ್ರವನ್ನೇ ಒಪ್ಪುವುದಿಲ್ಲ. ಪತ್ರ ಇಲ್ಲದೆ ನೀನು ಸೋಮವಾರ ಬರಲೇಬೇಡ."

ಫೋನು ಇಟ್ಟೆ. ಫಕ್ಕೀರಪ್ಪ ಎದುರಿಗೇ ನಿಂತಿದ್ದರು, ಎಲ್ಲ ಕೇಳಿಸಿತ್ತು. ಅವರಿಗೆ ನಿವೃತ್ತಿಗೆ ಇನ್ನು ಮೂರು ತಿಂಗಳು. ಹಾಗೆ ಬರೆದುಕೊಟ್ಟರೆ ಪಿಂಚಣಿಗೆ ಏನಾದೀತು ಎಂಬುದು ಇಬ್ಬರಿಗೂ ಗೊತ್ತಿತ್ತು. ಬೇಡ ಎಂದು ಅವರು ಹೇಳಲಿ ಎಂದು ಕಾದೆ. ಹೇಳಿದ್ದರೆ ಜಗಳವಾಡಬಹುದಿತ್ತು, ಅತ್ತು ಕರೆಯಬಹುದಿತ್ತು, ಕೊನೆಗೆ ಖಾಲಿ ಕೈಯಲ್ಲಿ ಹೋದರೂ ಅವರ ಮೇಲೆ ಸಿಟ್ಟು ಹಾಕಿಕೊಂಡು ಹೋಗಬಹುದಿತ್ತು.

"ಬರೀರಿ ಮೇಡಮ್ಮಾರ" ಎಂದರು. "ತುಂಬಿದಾಂವ ಅಂತೂ ನಾನ ಹೌದಲ್ಲರಿ."

ಬರೆದೆ. ನನ್ನ ಕೈಯಾರೆ ಬರೆದೆ: ಭಟ್ಟಿ ನೀರಿನ ಬದಲು ಕೊಳವೆಬಾವಿಯ ನೀರು ತುಂಬಿದ್ದು ನನ್ನ ತಪ್ಪು, ಇದನ್ನು ಯಾರ ಗಮನಕ್ಕೂ ತಂದಿರಲಿಲ್ಲ. 'ಯಾರ ಗಮನಕ್ಕೂ' ಎಂದು ಬರೆಯುವಾಗ ಪೆನ್ನು ನಿಂತಿತು. ಮತ್ತೆ ನಡೆಯಿತು. ಅವರು ಓದಲಿಲ್ಲ. "ಪೂರ್ತಿ ಹೆಸರು ಬರೀಲ್ಯೋ, ಸಹಿ ಅಷ್ಟ ಸಾಕೋ?" ಎಂದು ಕೇಳಿ, ಎರಡನ್ನೂ ಬರೆದರು.

ಮುಂದೆ ಆದದ್ದನ್ನು ಮುಚ್ಚಿಡುವುದಿಲ್ಲ. ನನ್ನ ಹೆಸರಿನ ಹಿಂದೆ ಈಗ ಡಾಕ್ಟರ್ ಎಂದು ಸೇರಿದೆ. ಮುಂಡರಗಿ ನೀರಿನ ಮೇಲೆ ಲೇಖನವೂ ಬಂದಿದೆ, ಮಾರ್ಗದರ್ಶಕರ ಹೆಸರು ಮೊದಲು. ಫಕ್ಕೀರಪ್ಪನ ಮೇಲೆ ವಿಚಾರಣೆ ಕೂತಿತು. ನಿವೃತ್ತಿಯಾದರೂ ಪಿಂಚಣಿಯ ಕಾಗದ ಕದಲಿಲ್ಲ. ವಿಚಾರಣೆಗೆ ಹೋಗಿ ಇಂಡೆಂಟಿನ ವಿಷಯ ಹೇಳಿದೆ. ಪತ್ರದಲ್ಲಿ ಯಾರ ಗಮನಕ್ಕೂ ತಂದಿಲ್ಲ ಎಂದು ಬರೆದಿದೆಯಲ್ಲ, ಅಕ್ಷರ ನಿಮ್ಮದೇ ಅಲ್ಲವೇ ಎಂದು ಕೇಳಿದರು. ನನ್ನದೇ ಎಂದು ಒಪ್ಪಿಕೊಂಡು ಬಂದೆ. ಭಟ್ಟಿ ಯಂತ್ರ ಇನ್ನೂ ರಿಪೇರಿಯಾಗಿಲ್ಲ. ಕ್ಯಾನಿನ ಮೇಲಿನ ಚೀಟಿಯನ್ನು ಮಾತ್ರ ಕಿತ್ತುಹಾಕಿದ್ದಾರಂತೆ.

ಆ ಸಂಜೆ ಗದಗಿನ ಬಸ್ಸು ಐದೂವರೆಗೆ ಇತ್ತು. ಡೋಣಿ ಊರಿನ ಕಡೆಯ ಮಂದಿ ಸಂತೆಯ ಚೀಲಗಳೊಂದಿಗೆ ಹತ್ತುತ್ತಿದ್ದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಡಬ್ಬಿ ಕಾಲಡಿ ಇಟ್ಟುಕೊಂಡೆ. ಬಸ್ಸು ನಿಲ್ದಾಣ ಬಿಟ್ಟು ತಿರುವು ದಾಟುತ್ತಿದ್ದಂತೆ ಹಿಂದಿನಿಂದ ಯಾರೋ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದರು. ಫಕ್ಕೀರಪ್ಪ. ಆ ಕಾಲು ಎಳೆದುಕೊಂಡು, ಒಂದು ಕೈ ಎತ್ತಿಕೊಂಡು, ರಸ್ತೆಯ ನಡುವೆ ಬರುತ್ತಿದ್ದರು. ಕಂಡಕ್ಟರ್ ಬೈದು ಬಸ್ಸು ನಿಲ್ಲಿಸಿದರು. ಪತ್ರ ವಾಪಸು ಕೇಳಲು ಬಂದರು ಎಂದುಕೊಂಡೆ. ದೇವರಾಣೆಗೂ ಹೇಳುತ್ತೇನೆ, ಕೊಟ್ಟುಬಿಡಬೇಕು ಎಂದೇ ಚೀಲದಿಂದ ತೆಗೆದೆ.

ಅವರು ಕಿಟಕಿಯ ಸರಳು ಹಿಡಿದು ಏದುಸಿರು ಬಿಟ್ಟರು. ಇನ್ನೊಂದು ಕೈಯಲ್ಲಿ ಪೆನ್ನಿತ್ತು.

"ತಾರೀಖ ಹಾಕೂದು ಮರ್ತಿದ್ದೆರಿ" ಎಂದರು. "ತಾರೀಖ ಇಲ್ಲದ ಕಾಗದ ಆಫೀಸಿನಾಗ ನಡಿಯಂಗಿಲ್ಲ, ಹೊಳ್ಳಿ ಕಳಸ್ತಾರ. ಸೋಮವಾರ ಮತ್ತ ನಿಮಗ ತ್ರಾಸ ಆದೀತು. ಸ್ವಲ್ಪ ಹಿಡೀರಿ."

ನಾನು ಕಾಗದವನ್ನು ಸರಳುಗಳ ಮೇಲೆ ಒತ್ತಿ ಹಿಡಿದುಕೊಂಡೆ. ಅವರು ಬರೆದರು.